ಎಲ್ಲಾ ಹೀಟಂತೆ!

ಇವತ್ತು ಸಂಜೆ ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲಿ ಬಿಪಿ ಮಾತ್ರೆಗೆ ನಿಂತಿದ್ದೆ. ನನ್ನ ಮುಂದೆ ಒಬ್ಬ ತಾಯಿ, ಕಂಕುಳಲ್ಲಿ ಎರಡು ವರ್ಷದ ಮಗು. ಮಗುವಿನ ಮೈ ತುಂಬಾ ಕೆಂಪು ದದ್ದು. ‘ಮೂರು ದಿನದಿಂದ ಈ ಸಿರಪ್ ಹಾಕ್ತಿದೀನಿ ಅಣ್ಣ, ನಿನ್ನೆಯಿಂದ ಹಿಂಗಾಗಿದೆ’ ಅಂತ ಬಾಟಲಿ ತೋರಿಸಿದರು. ಅಮಾಕ್ಸಿಸಿಲಿನ್, ಪೆನ್ಸಿಲಿನ್ ಜಾತಿಯ ಆಂಟಿಬಯೋಟಿಕ್. ಕೌಂಟರಿನ ಹುಡುಗ ಫೋನಿನಿಂದ ತಲೆ ಕೂಡ ಎತ್ತಲಿಲ್ಲ. ‘ಹೀಟಾಗಿದೆ ಅಕ್ಕ, ಎಳನೀರು ಕೊಡಿ’ ಅಂದ.

ಹೀಟು!

ನಾನು ಬೇರೆಯವರ ವಿಷಯಕ್ಕೆ ಬಾಯಿ ಹಾಕುವವನಲ್ಲ. (ಸರಿ, ನಗಬೇಡಿ.) ‘ಮುಂದಿನ ಡೋಸ್ ಹಾಕೋ ಮೊದಲು ಡಾಕ್ಟರಿಗೆ ತೋರಿಸಮ್ಮ, ಈಗಲೇ ಹೋಗು’ ಅಂದೆ. ಹುಡುಗ ಆಗ ತಲೆ ಎತ್ತಿದ. ‘ನೀವು ಡಾಕ್ಟರಾ ಸಾರ್?’ ‘ಅಲ್ಲಪ್ಪ, ರಿಟೈರ್ಡ್ ಕ್ಯಾಷಿಯರ್. ನೀನು?’

ಆ ದದ್ದು ಜ್ವರ ತಂದ ವೈರಸ್ಸಿನದೇ ಇರಬಹುದು. ಪೆನ್ಸಿಲಿನ್ ಜಾತಿಯ ಔಷಧಿಗೆ ಅಲರ್ಜಿಯೂ ಇರಬಹುದು. ನೋಡಿ ಹೇಳಬೇಕಾದವರು ಡಾಕ್ಟರು. ಅಲರ್ಜಿ ಹೌದಾದರೆ ಮಗುವಿನ ಫೈಲಿನಲ್ಲಿ ಅದು ದಪ್ಪಕ್ಷರದಲ್ಲಿ ಇರಬೇಕು. ಇಲ್ಲದಿದ್ದರೆ ಮುಂದೊಂದು ದಿನ ಅದೇ ಔಷಧಿ ಕೊಟ್ಟು, ಮುಖ ಊದಿ, ಉಸಿರೇ ಕಟ್ಟಬಹುದು. ಆದರೆ ‘ಹೀಟು’ ಅಂತ ಯಾರಾದರೂ ಫೈಲಿನಲ್ಲಿ ಬರೆದಿದ್ದು ನೋಡಿದ್ದೀರಾ?

ನಮ್ಮಲ್ಲಿ ಆಂಟಿಬಯೋಟಿಕ್ ತಗೊಂಡು ಭೇದಿಯಾದರೆ ಹೀಟು. ನಾಲಿಗೆ ಬೆಳ್ಳಗಾದರೆ ಹೀಟು. ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಮಾತ್ರೆಗೆ ಸಿಕ್ಕಿ ಸತ್ತವು, ಅದಕ್ಕೇ ಭೇದಿ ಅಂತ ಹೇಳುವವರಿಲ್ಲ. ಕೆಲವರಿಗೆ ಕೋರ್ಸ್ ಮುಗಿದು ವಾರಗಳಾದ ಮೇಲೂ ಜೋರು ಭೇದಿ ಶುರುವಾಗುತ್ತದೆ. ಅಷ್ಟರಲ್ಲಿ ಮಾತ್ರೆ ತಗೊಂಡಿದ್ದೇ ಮರೆತಿರುತ್ತೆ. ರಕ್ತ ಬಿದ್ದರೂ ಮಜ್ಜಿಗೆ ಕುಡಿಸ್ತಾ ಕೂರುತ್ತೇವೆ.

ನನ್ನ ಸಿಟ್ಟು ಯಾಕೆ ಇಷ್ಟು ಅಂದರೆ, ಅಮ್ಮ. ಹೋದ ಮಳೆಗಾಲ ಇಲಿ ಜ್ವರದ ಅನುಮಾನಕ್ಕೆ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಕೊಟ್ಟಿದ್ದರು. ಅಮ್ಮ ರಾತ್ರಿ ಒಂದು ಗುಟುಕು ನೀರಲ್ಲಿ ನುಂಗಿ ಮಲಗಿಬಿಟ್ಟಳು. ಬೆಳಿಗ್ಗೆ ಎದೆಯೊಳಗೆ ಬೆಂಕಿ. ಗಂಜಿಯೂ ಇಳಿಯಲಿಲ್ಲ. ಬೀದಿಯವರೆಲ್ಲ ಒಂದೇ ಮಾತು: ಪವರ್ ಜಾಸ್ತಿ ಇರೋ ಮಾತ್ರೆ, ಹೀಟು. ನಾನೂ ಮೂರು ದಿನ ಬಾರ್ಲಿ ನೀರು ಕುಡಿಸಿದೆ, ದಡ್ಡ. ಆಮೇಲೆ ನೋಡಿದ ಡಾಕ್ಟರು ಮೊದಲು ಕೇಳಿದ್ದು ‘ಎಷ್ಟು ನೀರು ಕುಡಿದ್ರಿ, ಎಷ್ಟೊತ್ತಿಗೆ ಮಲಗಿದ್ರಿ?’ ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡಿತ್ತು. ದೊಡ್ಡ ಲೋಟದ ತುಂಬ ನೀರು, ಅರ್ಧ ಗಂಟೆ ಮಲಗಬೇಡಿ. ಇಷ್ಟೇ ಮಾತು. ಕೊಟ್ಟವರು ಯಾರೂ ಆಡಲಿಲ್ಲ.

ನಮ್ಮ ಅಕ್ಕನ ಮಗ ಡಾಕ್ಟರು. ‘ಮಾವ, ಅಡ್ಡ ಪರಿಣಾಮ ಎಲ್ಲಾ ಹೇಳಿದ್ರೆ ಜನ ಹೆದರಿ ಮಾತ್ರೆ ಬಿಡ್ತಾರೆ. ಹೊರಗೆ ಎಂಬತ್ತು ಜನ ಕಾಯ್ತಿರ್ತಾರೆ’ ಅಂತಾನೆ. ಇರಬಹುದು ಮಾರಾಯ. ಹೇಳದೇ ಇದ್ದಾಗ ಮಾತ್ರ ಎಲ್ಲರೂ ಪೂರ್ತಿ ನುಂಗುತ್ತಾರಾ? ಎರಡನೇ ದಿನಕ್ಕೆ ‘ಹೀಟು’ ಅಂತ ಬಿಟ್ಟು, ಉಳಿದಿದ್ದನ್ನು ಫ್ರಿಜ್ಜಿನ ಮೇಲೆ ಇಡುತ್ತಾರೆ.

ಇದು ನನಗೆ ಹೇಗೆ ಗೊತ್ತು? ಆ ಫ್ರಿಜ್ಜು ನಮ್ಮ ಮನೆಯದೇ. ಅಲ್ಲಿ ಉಳಿದಿದ್ದ ಸಿಪ್ರೋಫ್ಲಾಕ್ಸಸಿನ್ ಅನ್ನೋ ಆಂಟಿಬಯೋಟಿಕ್ ಅನ್ನು ಯಾರನ್ನೂ ಕೇಳದೆ ಭೇದಿಗೆ ನುಂಗಿದವನು ನಾನೇ. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ತಗೋಬೇಡಿ ಅನ್ನೋ ಗುರುತು, ಕಣ್ಣಿಗೆ ಕಾಣುತ್ತಿತ್ತು. ಹಿಮ್ಮಡಿ ಮೇಲೆ ಹಗ್ಗದ ಹಾಗೆ ಇರುತ್ತಲ್ಲ, ಅದು ಹಿಡಿದುಕೊಂಡಿತು, ಎರಡು ವಾರ ವಾಕಿಂಗ್ ಇಲ್ಲ. ಈ ಜಾತಿಯ ಮಾತ್ರೆಯಿಂದ ಆ ಹಗ್ಗ ಹರಿದೇ ಹೋಗಬಹುದು ಅಂತ ಅಮೆರಿಕದ ಔಷಧ ಇಲಾಖೆ 2008ರಲ್ಲೇ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದರೆ ಅತಿ ಗಂಭೀರ ಎಚ್ಚರಿಕೆ, ಹಾಕಿಸಿದೆ. ಅರವತ್ತು ದಾಟಿದವರಿಗೆ ಅಪಾಯ ಇನ್ನೂ ಜಾಸ್ತಿ. ನನಗೆ 62.

ಇನ್ನೊಂದು ಸಲ ಹಲ್ಲುನೋವಿಗೆ ಮೆಟ್ರೊನಿಡಜೋಲ್ ತಗೊಂಡಿದ್ದೆ. ಸಾರಿಗೆ ತುಕ್ಕು ಹಿಡಿದ ಮೊಳೆ ಹಾಕಿದೀಯಾ ಅಂತ ಇವಳ ಮೇಲೆ ನಾಲ್ಕು ದಿನ ರೇಗಿದೆ. ಬಾಯಿಗೆ ಲೋಹದ ರುಚಿ ಬರುವುದು ಆ ಮಾತ್ರೆಯ ಗುಣ ಅಂತ ಮಗಳು ಫೋನಿನಲ್ಲಿ ಹೇಳಿದ ಮೇಲೂ ಇವಳ ಹತ್ತಿರ ಕ್ಷಮೆ ಕೇಳಲಿಲ್ಲ. ಇಲ್ಲಿ ಕೇಳ್ತಿದೀನಿ, ಓದ್ತಾಳೆ.

ಆ ತಾಯಿ ಆಟೋ ಹತ್ತಿದರು. ಡಾಕ್ಟರ ಕಡೆಗೋ, ಎಳನೀರಿನ ಕಡೆಗೋ ಗೊತ್ತಾಗಲಿಲ್ಲ. ಈ ಗಲಾಟೆಯಲ್ಲಿ ನನ್ನ ಬಿಪಿ ಮಾತ್ರೆ ತರುವುದೇ ಮರೆತೆ. ನಾಳೆ ಮತ್ತೆ ಆ ಹುಡುಗನ ಮುಂದೆಯೇ ಹೋಗಿ ನಿಲ್ಲಬೇಕು.