ಬ್ರೇಕಿನ ಬಾಯಿ ಮುಚ್ಚಿಸಿ ಕಳಿಸಿದರು

ಸರ್ವಿಸ್ ಮಾಡಿಸಿ ತಂದ ಕಾರಿನ ಮುಂದಿನ ಚಕ್ರವನ್ನು ಎರಡೇ ತಿಂಗಳಿಗೆ ಮತ್ತೆ ಬಿಚ್ಚಿಸಬೇಕಾಯಿತು. ಒಳಗೆ ಕಂಡದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬ್ರೇಕ್ ಒತ್ತಿದಾಗಲೆಲ್ಲ ಕೀರಲು ಸದ್ದು ಬರುತ್ತಿದೆ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿದ್ದೆ. ಕಾರು ಮರಳಿದಾಗ ಸದ್ದಿರಲಿಲ್ಲ. ‘ಬ್ರೇಕ್ ಪರೀಕ್ಷೆ’ ಎಂಬಲ್ಲಿ ಗುರುತು ಬಿದ್ದಿತ್ತು. ಬ್ರೇಕ್ ಆಯಿಲ್ ಕಡಿಮೆಯಾಗಿತ್ತು, ತುಂಬಿಸಿದ್ದೇವೆ ಎಂದು ಉಪಕಾರ ಮಾಡಿದವರಂತೆ ಹೇಳಿದರು. ನಂಬಿದೆ. ಕೊನೆಗೆ ಲೋಹಕ್ಕೆ ಲೋಹ ಉಜ್ಜುವ ಗರಗರ ಶಬ್ದ ಕೇಳಿ ಬೇರೊಬ್ಬ ಮೆಕ್ಯಾನಿಕ್ ಬಳಿ ಬಿಚ್ಚಿಸಿದರೆ, ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಒಂದು ಪ್ಯಾಡಿನಲ್ಲಿ ಹಿಂದಿನ ತಗಡು ಮಾತ್ರ ಉಳಿದಿತ್ತು, ಡಿಸ್ಕಿನ ತುಂಬ ಆಳವಾದ ಗೀರುಗಳಿದ್ದವು.

ಆ ಕೀರಲು ಸದ್ದು ದೋಷವಲ್ಲ, ಎಚ್ಚರಿಕೆ. ಪ್ಯಾಡ್ ಸವೆದು ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಡಿಸ್ಕಿಗೆ ತಾಗಿ ಕಿರುಚಲೆಂದೇ ಅದರ ಅಂಚಿನಲ್ಲಿ ಒಂದು ಪುಟ್ಟ ಲೋಹದ ನಾಲಿಗೆಯನ್ನು ಇಟ್ಟಿರುತ್ತಾರೆ. ನನ್ನ ಕಾರಿನಲ್ಲಿ ಆ ನಾಲಿಗೆಯನ್ನು ಯಾರೋ ಇಕ್ಕಳದಿಂದ ಹಿಂದಕ್ಕೆ ಬಾಗಿಸಿದ್ದರು! ಆಯಿಲ್ ಕಡಿಮೆಯಾದದ್ದಕ್ಕೂ ಕಾರಣ ಪ್ಯಾಡಿನ ಸವೆತವೇ: ಪ್ಯಾಡ್ ತೆಳುವಾದಷ್ಟೂ ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಮುಂದಕ್ಕೆ ಸರಿಯುತ್ತದೆ, ಅದರ ಹಿಂದಿನ ಜಾಗವನ್ನು ತುಂಬಲು ಡಬ್ಬಿಯ ಆಯಿಲ್ ಕೆಳಗಿಳಿಯುತ್ತದೆ. ಸೋರಿಕೆಯಿದೆಯೇ, ಪ್ಯಾಡ್ ಸವೆದಿದೆಯೇ ಎಂದು ನೋಡದೆ ಮೇಲಿಂದ ಸುರಿದು ಎರಡನೆಯ ಎಚ್ಚರಿಕೆಯನ್ನೂ ಅಳಿಸಿಹಾಕಿದರು. ಹೊಸ ಪ್ಯಾಡ್ ಕೂರಿಸಲು ಪಿಸ್ಟನನ್ನು ಹಿಂದಕ್ಕೆ ಒತ್ತಿದಾಗ ಅದೇ ಹೆಚ್ಚುವರಿ ಆಯಿಲ್ ಉಕ್ಕಿ ಹರಿಯಿತು. ಒರೆಸುವುದು ತಡವಾಗಿದ್ದರೆ ಬಣ್ಣವನ್ನೂ ತಿನ್ನುತ್ತಿತ್ತು.

ಸುರಿದದ್ದಾದರೂ ಎಂತಹ ಆಯಿಲಿನ ಮೇಲೆ? ಕಾಫಿ ಬಣ್ಣಕ್ಕೆ ತಿರುಗಿದ ಹಳೆಯದರ ಮೇಲೆ. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬಿ, ಪೆಡಲ್ ನೆಲ ಮುಟ್ಟಿದರೂ ಗಾಡಿ ನಿಲ್ಲದು. ಆದ್ದರಿಂದಲೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಬೇಕೆನ್ನುತ್ತಾರೆ.

ಸರ್ವಿಸ್ ಮಾಡಿದವರಲ್ಲಿಗೆ ಹೋಗಿ ಕೇಳಿದೆ. ‘ಸದ್ದು ಬರುತ್ತಿದೆ ಎಂದಿರಿ, ನಿಲ್ಲಿಸಿಕೊಟ್ಟೆವಲ್ಲ ಸರ್’ ಎಂಬ ಉತ್ತರ ಬಂತು. ಇನ್ನು ಮುಂದೆ ಪ್ರತಿ ಚಕ್ರದ ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಅಳೆದು ಬರೆದುಕೊಡಿ ಎಂದರೆ, ಅವರ ಚೀಟಿಯಲ್ಲಿ ಅದಕ್ಕೆ ಜಾಗವೇ ಇಲ್ಲವಂತೆ.