ಕಸದ ಡಬ್ಬಿಯ ಮೇಲೆ ನಮ್ಮಪ್ಪನ ಹೆಸರು

"ಹೆಸರು ಕಾಣೋ ಹಾಗೆ ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ."

ಬೆಳಿಗ್ಗೆಯಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಅಂಗಡಿ ಬಾಗಿಲು ಹಾಕಿ ಬಂದೆ, ಸ್ನಾನ ಮಾಡಿದೆ, ಊಟಕ್ಕೆ ಕೂತೆ. ಎರಡು ತುತ್ತೂ ಇಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಯಾರಾದರೂ ಉತ್ತರ ಕೊಡಿ.

ಇವತ್ತು ಶನಿವಾರ. ಹನ್ನೊಂದೂಮುಕ್ಕಾಲು ಇರಬೇಕು, ಸ್ಕೂಲು ಬಿಡುವ ಹೊತ್ತು. ಅಂಗಡಿ ಮುಂದೆ ಹತ್ತು ಹನ್ನೆರಡು ಜನ ಇದ್ದರು. ನಾನು ಕೋಡುಬಳೆ ಪೊಟ್ಟಣ ಕಟ್ಟುತ್ತಿದ್ದೆ. ಊರಿನ ಕಸ ನೋಡಿಕೊಳ್ಳುವ ಆಫೀಸಿನ ಇನ್‌ಸ್ಪೆಕ್ಟರ್ ಬಂದರು, ಜೊತೆಗೆ ಇನ್ನಿಬ್ಬರು. "ಓನರ್ ಯಾರು?" ಅಂದರು. ಹೊರಗೆ ಬಂದೆ. ಡಬ್ಬಿ ಕಡೆ ಬೆರಳು ತೋರಿಸಿದರು. ಹಸಿರು ಡಬ್ಬಿ ತುಂಬಿ ಉಕ್ಕುತ್ತಿತ್ತು. ಕಬ್ಬಿನ ಸಿಪ್ಪೆ, ಟೀ ಲೋಟ, ಯಾರದೋ ಮನೆಯ ಡೈಪರು, ಅನ್ನ ಸಾರು ಕಟ್ಟಿ ಎಸೆದ ಕವರು. ಆ ಕವರನ್ನು ನಾಯಿ ಹರಿದು ಫುಟ್‌ಪಾತ್ ತುಂಬಾ ಎಳೆದಾಡಿತ್ತು. ಅಷ್ಟೆಲ್ಲದರ ಮೇಲೆ ಕೆಂಪು ಅಕ್ಷರದಲ್ಲಿ ನಮ್ಮಪ್ಪನ ಹೆಸರು. ಅದರ ಕೆಳಗೆ ನನ್ನ ಫೋನ್ ನಂಬರು.

"ನಿಮ್ಮದೇ ತಾನೇ?"

ಹೌದು ಅನ್ನಲಾ, ಅಲ್ಲ ಅನ್ನಲಾ? ಡಬ್ಬಿಗೆ ದುಡ್ಡು ಕೊಟ್ಟದ್ದು ನಾನು. ಹೆಸರು ನಮ್ಮಪ್ಪನದು. ಕಸ ಊರಿನದು. ಇಷ್ಟು ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಅವರು ಫೋನು ಎತ್ತಿ ಹಿಡಿದಿದ್ದರು. ಜಾಗ, ಟೈಮು ಎಲ್ಲಾ ಫೋಟೋದ ಮೇಲೇ ಬರುವ ಆ್ಯಪ್. ನಾನು ಹೆಸರಿಗೆ ಅಡ್ಡ ನಿಂತಿದ್ದೆನಂತೆ. ಆಗ ಹೇಳಿದ್ದು ಆ ಮಾತು.

ನಾನೂ ಸರಿದು ನಿಂತೆ. ಅದನ್ನೇ ನನಗೆ ತಡೆದುಕೊಳ್ಳಲು ಆಗುತ್ತಿಲ್ಲ. "ಯಾಕ್ರೀ ಸರಿಯಬೇಕು" ಅಂತ ಕೇಳಲಿಲ್ಲ. ಕೈಯಲ್ಲಿ ಪೊಟ್ಟಣ ಹಿಡಿದುಕೊಂಡೇ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟೆ. ಯೂನಿಫಾರ್ಮಿನ ಒಬ್ಬ ಚಿಕ್ಕ ಹುಡುಗ ಅಮ್ಮನ ಕೈ ಹಿಡಿದು ನಿಂತಿದ್ದ. ಈಗಷ್ಟೇ ಓದಲು ಕಲಿತಿರಬೇಕು. ಡಬ್ಬಿ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಗಟ್ಟಿಯಾಗಿ ಓದಿದ. ನಮ್ಮಪ್ಪನ ಪೂರ್ತಿ ಹೆಸರು. "ಅಮ್ಮಾ, ಇದು ಈ ಅಂಗಡೀದೇ ಕಸಾನಾ?" ಅಂದ. ಅವನ ಅಮ್ಮ ಶ್ ಅಂತ ಸುಮ್ಮನಾಗಿಸಿದರು. ಹುಡುಗ ಕೇಳಿದ್ದಕ್ಕಿಂತ ಆಕೆ ಸುಮ್ಮನಾಗಿಸಿದ್ದು ಜಾಸ್ತಿ ಚುಚ್ಚಿತು. ಎರಡು ಕೆಜಿ ಚಕ್ಕುಲಿ ಹೇಳಿದ್ದವರು ಒಬ್ಬರು "ಆಮೇಲೆ ಬರ್ತೀನಿ" ಅಂತ ಹೊರಟೇಹೋದರು.

1,000 ರೂಪಾಯಿ ದಂಡ. ಕಟ್ಟಿದೆ. ದುಡ್ಡಿನ ಮಾತಲ್ಲ ಇದು. ಅಲ್ಲ, ದುಡ್ಡಿನ ಮಾತೂ ಹೌದು! ಹೋದ ವರ್ಷ ಗಣೇಶನ ಹಬ್ಬಕ್ಕೆ ಮುಂಚೆ ಅವರ ಆಫೀಸಿನವರೇ ಬಂದು ಕುರ್ಚಿ ಎಳೆದುಕೊಂಡು ಕೂತು ನಮ್ಮಿಂದ ಒಬ್ಬಟ್ಟು ತಿಂದು ಹೇಳಿದ್ದರು: "ಹಸಿರು, ನೀಲಿ ಡಬ್ಬಿ ಜೋಡಿಗೆ 9,500. ಎರಡು ವರ್ಷ ನಿಮ್ಮ ಹೆಸರು ಇರುತ್ತೆ. ಊರೂ ಕ್ಲೀನ್ ಆಗುತ್ತೆ." ಅಪ್ಪ 1987ರಲ್ಲಿ ಈ ಅಂಗಡಿ ಇಟ್ಟವರು. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಅಂಗಡಿ ಮುಂದಿನ ರಸ್ತೆ ತಾವೇ ಗುಡಿಸಿ ನೀರು ಹಾಕುತ್ತಿದ್ದರು. ಅವರ ಹೆಸರಿನಲ್ಲಿ ಊರಿಗೆ ಏನಾದರೂ ಮಾಡಿದ ಹಾಗಾಯಿತು ಅಂತ ಮನಸ್ಸಿನಿಂದ ಕೊಟ್ಟೆ. ಸ್ಟಿಕ್ಕರ್ ಅಂಟಿಸಿದ ದಿನ ಅರಿಶಿನ ಕುಂಕುಮ ಹಚ್ಚಿದ್ದೆವು.

ಇವತ್ತು ಒಪ್ಪಂದದ ಕಾಗದ ತೆಗೆದು ಮೂರು ಸಲ ಓದಿದೆ. ಸ್ಟಿಕ್ಕರ್ ಎಷ್ಟು ಇಂಚು ಇರಬೇಕು ಅಂತ ಇದೆ. ರಸ್ತೆ ಕಡೆ ಯಾವ ಮುಖ ಅಂತ ಇದೆ. ಬಣ್ಣ ಮಾಸಿದರೆ ಬದಲಾಯಿಸುವ ಖರ್ಚು ನನ್ನದು ಅಂತ ಇದೆ. ಡಬ್ಬಿಯನ್ನು ದಿನಾ ಯಾರು ಖಾಲಿ ಮಾಡಬೇಕು ಅಂತ ಒಂದೇ ಒಂದು ಸಾಲಿಲ್ಲ. ನಾವು ಕೊಟ್ಟದ್ದು ತಗಡಿಗೆ, ಕಂಬಕ್ಕೆ, ಸ್ಟಿಕ್ಕರಿಗೆ. ಡಬ್ಬಿ ಒಂದು ಸಲ ಕೊಂಡರೆ ಮುಗಿಯಿತು. ಖಾಲಿ ಮಾಡುವುದು ದಿನಾ ಇರುವ ಕೆಲಸ, ದಿನಾ ಇರುವ ಖರ್ಚು. ಅದಕ್ಕೆ ಯಾರೂ ದುಡ್ಡೇ ಇಟ್ಟಿಲ್ಲ.

ಟಿಪ್ಪರ್ ಡ್ರೈವರನ್ನು ಕೇಳಿದರೆ, "ನಮ್ಮದು ಮನೆಮನೆ ಕಸ ಅಣ್ಣ, ಬಿನ್ ನಮ್ಮ ಲಿಸ್ಟಲ್ಲಿಲ್ಲ" ಅನ್ನುತ್ತಾರೆ. ಗುಡಿಸುವ ಅಕ್ಕನನ್ನು ಕೇಳಿದರೆ, "ನನ್ನ ಹತ್ರ ಪೊರಕೆ, ತಳ್ಳುಗಾಡಿ ಬಿಟ್ಟರೆ ಏನಿದೆ, ಇಷ್ಟನ್ನೆಲ್ಲಾ ಎಲ್ಲಿ ಹಾಕಲಿ?" ಅನ್ನುತ್ತಾರೆ. ಇಬ್ಬರದೂ ನಿಜವೇ. ಇಬ್ಬರ ಮೇಲೂ ನನಗೆ ಕೋಪ ಇಲ್ಲ. ನೀಲಿ ಡಬ್ಬಿ ಮಾತ್ರ ಅರ್ಧ ಖಾಲಿ ಇರುತ್ತದೆ. ಯಾಕೆ ಗೊತ್ತಾ? ಬೆಳಗಿನ ಜಾವ ಒಬ್ಬ ಅಜ್ಜಿ ಬಂದು ಬಾಟಲಿ, ರಟ್ಟು ಆಯ್ದುಕೊಂಡು ಹೋಗುತ್ತಾರೆ. ಹುಡುಕುವಾಗ ಕಸ ಕೆಳಗೆ ಬೀಳುತ್ತದೆ ಅಂತ ಮೊದಲು ಬೈಯುತ್ತಿದ್ದೆ. ಈಗ ಅನ್ನಿಸುತ್ತದೆ, ಈ ರಸ್ತೆಯಲ್ಲಿ ಆ ಡಬ್ಬಿಯ ಕೆಲಸ ಮಾಡುತ್ತಿರುವವರು ಅವರೊಬ್ಬರೇ. ಅವರಿಗೆ ಇಲ್ಲಿ ಯಾರೂ ಒಂದು ರೂಪಾಯಿ ಕೊಡುವುದಿಲ್ಲ.

ಇನ್ನು ಫೋನು. ಡಬ್ಬಿಯ ಮೇಲಿರುವ ನಂಬರು ಒಂದೇ, ನನ್ನದು. ರಾತ್ರಿ ಹತ್ತಕ್ಕೆ ಫೋನ್ ಮಾಡಿ "ವಾಸನೆ ಬರ್ತಿದೆ, ಬಂದು ತೆಗೀರಿ" ಅನ್ನುತ್ತಾರೆ. ನಾನು ಅಂಗಡಿಯವನು ಅಂದರೆ "ಹಾಗಾದ್ರೆ ನಂಬರ್ ಯಾಕೆ ಹಾಕಿದ್ದೀರಿ?" ಅಂತ ನನಗೇ ಜೋರು.

ಹೋಗಲಿ ಬಿಡಿ, ಊರಿನ ಹಣೆಬರಹವೇ ಇಷ್ಟು ಅಂತ ಮಧ್ಯಾಹ್ನ ಒಂದು ಗಳಿಗೆ ಅಂದುಕೊಂಡೆ. ಆದರೆ ಬಿಡಲು ಆಗುತ್ತಿಲ್ಲ. ತರಕಾರಿ ಮಾರ್ಕೆಟ್ ಒಳಗೆ ಒಂದೂ ಡಬ್ಬಿ ಇಲ್ಲ, ನೋಡಿದ್ದೀರಾ? ಕಸ ಬೀಳುವುದು ಅಲ್ಲಿ. ಸರ್ಕಲ್ ಸುತ್ತ ಮಾತ್ರ ಆರು ಜೋಡಿ ಇವೆ, ಸಿಗ್ನಲ್ ಕಡೆ ಮುಖ ಮಾಡಿಕೊಂಡು. ಸ್ಟಿಕ್ಕರ್ ಕಾಣಬೇಕಲ್ಲ! ಜಾಹೀರಾತಿನ ದುಡ್ಡಿನಲ್ಲಿ ಡಬ್ಬಿ ಇಟ್ಟರೆ ಅದು ಕಣ್ಣು ಬೀಳುವ ಕಡೆ ಹೋಗುತ್ತದೆ, ಕಸ ಬೀಳುವ ಕಡೆ ಅಲ್ಲ. ಲಂಡನ್ನಿನಲ್ಲೂ ಹೀಗೇ ಜಾಹೀರಾತಿನ ಡಬ್ಬಿ ಇದ್ದವು ಅಂತ ಮಗಳು ಹೇಳಿದಳು. 2012ರ ಒಲಿಂಪಿಕ್ಸ್ ಹೊತ್ತಿಗೆ ಟೀವಿ ಪರದೆ ಕೂರಿಸಿ ಇಟ್ಟಿದ್ದರಂತೆ. ಮುಂದಿನ ವರ್ಷ ನೋಡಿದರೆ ಪಕ್ಕದಲ್ಲಿ ನಡೆದು ಹೋಗುವವರ ಫೋನುಗಳ ಗುರುತನ್ನೇ ಅವು ಹಿಡಿದಿಡುತ್ತಿದ್ದವು. ಆಮೇಲೆ ಅಲ್ಲಿಯ ಆಡಳಿತವೇ ನಿಲ್ಲಿಸಿ ಅಂತ ಹೇಳಬೇಕಾಯಿತು. ಅಲ್ಲೂ ಡಬ್ಬಿ ಇಟ್ಟವರ ಲೆಕ್ಕ ಕಸದ ಮೇಲೆ ಇರಲಿಲ್ಲ, ಜನರ ಮೇಲೆ ಇತ್ತು.

ಊರುಗಳ ಸ್ವಚ್ಛತೆ ಅಳೆಯುವ ಕೇಂದ್ರದ ಸ್ವಚ್ಛ ಸರ್ವೇಕ್ಷಣದಲ್ಲಿ 2016ರಲ್ಲಿ ನಮ್ಮ ಮೈಸೂರೇ ಮೊದಲು ಬಂದಿತ್ತು. 2017ರಲ್ಲಿ ಇಂದೋರ್ ಬಂತು, ಆಮೇಲೆ ಎಷ್ಟೋ ವರ್ಷ ಕೆಳಗೆ ಇಳಿಯಲೇ ಇಲ್ಲ. ಅವರು ಬೀದಿಯ ಕಸದ ತೊಟ್ಟಿಗಳನ್ನೇ ತೆಗೆದು ಮನೆಮನೆಯಿಂದ ಎತ್ತುವುದನ್ನು ಗಟ್ಟಿ ಮಾಡಿದರು. ಬೆಂಗಳೂರಿಗೆ 2015ರಲ್ಲೇ ಹೈಕೋರ್ಟು ಎರಡು ಡಬ್ಬಿ, ಒಂದು ಚೀಲ ಅಂತ ಹೇಳಿತ್ತು. ಹಸಿ ಕಸ, ಡೈಪರು ಪ್ಯಾಡಿನ ಕಸ, ಒಣ ಕಸ, ಮೂರನ್ನೂ ಮನೆಯಲ್ಲೇ ಬೇರೆ ಮಾಡಿ ಕೊಡಬೇಕು ಅಂತ. ಆ ಡೈಪರು ಮನೆಬಾಗಿಲಲ್ಲೇ ಗಾಡಿಗೆ ಹೋಗಿದ್ದರೆ ನಮ್ಮಪ್ಪನ ಹೆಸರಿನ ಕೆಳಗೆ ಯಾಕೆ ಬರುತ್ತಿತ್ತು?

ನಾನು ಆಸ್ತಿ ತೆರಿಗೆ ಜೊತೆ ಕಸದ ಸೆಸ್ ಕಟ್ಟುತ್ತೇನೆ. ಟ್ರೇಡ್ ಲೈಸೆನ್ಸ್ ಕಟ್ಟುತ್ತೇನೆ. 2016ರ ಕೇಂದ್ರದ ಕಸದ ನಿಯಮದಲ್ಲಿ, ಕಸ ಎತ್ತಿಸಿ ಸಾಗಿಸುವುದು ಸ್ಥಳೀಯ ಆಡಳಿತದ ಕೆಲಸ ಅಂತಲೇ ಬರೆದಿದ್ದರು. ಅಂಗಡಿಯ ಹೆಸರು ಅಂಟಿಸಿದ ಕೂಡಲೇ ಆ ಕೆಲಸ ಅಂಗಡಿಯವನದು ಆಗಿಬಿಡುತ್ತದಾ? ಇದಕ್ಕೆ ಉತ್ತರ ಕೊಡಿ. ದಂಡ ಹಾಕಿದವರು ಕೊಡಿ, ಒಬ್ಬಟ್ಟು ತಿಂದು ಸಹಿ ಹಾಕಿಸಿಕೊಂಡವರು ಕೊಡಿ. ನನ್ನ ಹಾಗೆ ಹೆಸರು ಕೊಟ್ಟ ಮಿಕ್ಕ ಅಂಗಡಿಯವರು ಯಾರಾದರೂ ಇದ್ದರೆ ನೀವೂ ಹೇಳಿ, ನೀವೇನು ಮಾಡುತ್ತಿದ್ದೀರಿ?

ರಾತ್ರಿ ಎಂಟಕ್ಕೆ ನಾನೂ ನನ್ನ ಹೆಂಡತಿಯೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಡಬ್ಬಿ ಖಾಲಿ ಮಾಡಿದೆವು. ಮೈದಾ ಚೀಲದಲ್ಲಿ ಎರಡು ಮೂಟೆ ಆಯಿತು. ಬಾಣಲೆ ಕೆರೆಯುವ ಸಟ್ಟುಗದಿಂದ ಸ್ಟಿಕ್ಕರ್ ಕೆರೆದೆ. ಅರ್ಧ ಬಂತು, ಅರ್ಧ ಬರಲಿಲ್ಲ. ಅಪ್ಪನ ಹೆಸರಿನ ಮೊದಲ ಎರಡು ಅಕ್ಷರ ಹಾಗೇ ಇದೆ, ನಂಬರು ಪೂರ್ತಿ ಇದೆ. ಕೆರೆಯುವಾಗ ಅಪ್ಪನಿಗೇ ಏನೋ ಮಾಡುತ್ತಿದ್ದೇನೆ ಅನ್ನಿಸಿ ಅಲ್ಲಿಗೇ ನಿಲ್ಲಿಸಿದೆ.

ಮೂಟೆಗಳು ಅಂಗಡಿಯ ಹಿಂಬಾಗಿಲಲ್ಲಿ ಇವೆ. ನಾಳೆ ಆರೂವರೆಗೆ ಟಿಪ್ಪರ್ ಬರುತ್ತದೆ. ಇದು ಯಾರ ಕಸ ಅಂತ ಕೇಳಿದರೆ ನಾನು ಏನು ಹೇಳಲಿ?