‘ಎದೆಯಲ್ಲಿ ನೀರು’ ಎಂದರೆ ಎಲ್ಲಿ?

2025ರ ಜೂನ್‌ನಲ್ಲಿ ಹೃದಯಾಘಾತದ ಸಾವುಗಳಿಂದಾಗಿ ಹಾಸನದ ಹೆಸರು ದಿನವೂ ಟಿವಿಯಲ್ಲಿ ಬರುತ್ತಿತ್ತಲ್ಲ, ಅಲ್ಲಿಂದೀಚೆಗೆ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಅರ್ಧ ಹೃದ್ರೋಗ ತಜ್ಞರೇ. ಬ್ಲಾಕ್ ಎಷ್ಟು ಪರ್ಸೆಂಟ್, ಸ್ಟೆಂಟ್ ಬೇಕೋ ಬೇಡವೋ, ಎಲ್ಲವೂ ಟೀ ಅಂಗಡಿಯಲ್ಲೇ ತೀರ್ಮಾನವಾಗುತ್ತದೆ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದವರಲ್ಲಿ ನಮ್ಮ ಬೀದಿಯವರೂ ಇದ್ದರು. ನಾನೂ ಬ್ಲಾಕಿನ ವಿಷಯದಲ್ಲಿ ಪಂಡಿತನೇ ಆಗಿದ್ದೆ. ಹೃದಯಕ್ಕೊಂದು ಹೊರಚೀಲ ಇದೆ, ಅದರಲ್ಲಿ ನೀರು ತುಂಬಿಯೂ ಮನುಷ್ಯ ಸಾಯಬಹುದು ಎಂಬುದು ಮಾತ್ರ ಗೊತ್ತಿರಲಿಲ್ಲ. ಅದನ್ನು ಕಲಿಸಿದ್ದು ದೊಡ್ಡಪ್ಪನ ಕಾಯಿಲೆ.

ದೊಡ್ಡಪ್ಪ ಇರುವುದು ಸಕಲೇಶಪುರದ ಕಡೆ. ಎರಡು ತಿಂಗಳಿಂದ ಸಂಜೆಯಾದರೆ ಮೈ ಬಿಸಿ, ಊಟ ಸೇರುತ್ತಿರಲಿಲ್ಲ, ಅಂಗಿ ಸಡಿಲವಾಗಿತ್ತು. ‘ಮಳೆಯ ಥಂಡಿ’ ಎಂದು ಅವರೇ ಷರಾ ಬರೆದುಕೊಂಡಿದ್ದರು. ಆಮೇಲೆ ಏದುಸಿರು ಶುರುವಾಯಿತು. ರಾತ್ರಿ ಮಲಗಲಾಗದು, ಜಗಲಿಯಲ್ಲಿ ಕೂತು, ತೊಡೆಯ ಮೇಲೆ ದಿಂಬಿಟ್ಟುಕೊಂಡು, ಅದರ ಮೇಲೆ ಮುಂದಕ್ಕೆ ಬಾಗಿ ತೂಕಡಿಸುತ್ತಿದ್ದರು. ದೊಡ್ಡಮ್ಮ ಗ್ಯಾಸ್ ಎಂದು ಜೀರಿಗೆ ಕಷಾಯ ಕೊಟ್ಟರು. ಔಷಧಿ ಅಂಗಡಿಯವನೂ ಗ್ಯಾಸಿನ ಮಾತ್ರೆಯನ್ನೇ ಕೊಟ್ಟ. ಕಾಲು ಬಾತುಕೊಂಡ ಮೇಲೆ ಒಂದು ಕ್ಲಿನಿಕ್‌ಗೆ ಹೋದರು. ‘ಎದೆಯಲ್ಲಿ ನೀರು ತುಂಬಿದೆ’ ಎಂದರಂತೆ ಅಲ್ಲಿ. ನೀರಿಳಿಸುವ ಮಾತ್ರೆ, ನೀರು ಕಡಿಮೆ, ಉಪ್ಪು ಕಡಿಮೆ. ನಾಲ್ಕನೆಯ ದಿನ ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬಿದ್ದರು.

ನನ್ನ ತಕರಾರು ಇರುವುದು ಆ ಒಂದು ವಾಕ್ಯದ ಮೇಲೆ. ‘ಎದೆಯಲ್ಲಿ ನೀರು’ ಎಂದರೆ ಎಲ್ಲಿ? ಶ್ವಾಸಕೋಶದ ಒಳಗೆ ಜಿನುಗಿದ್ದರೂ ನಾವು ಹೀಗೇ ಹೇಳುತ್ತೇವೆ, ಶ್ವಾಸಕೋಶದ ಹೊರಗೆ ಪಕ್ಕೆಯಲ್ಲಿ ನಿಂತಿದ್ದರೂ ಹೀಗೇ, ಹೃದಯದ ಚೀಲದಲ್ಲಿ ತುಂಬಿದ್ದರೂ ಹೀಗೇ. ಮೂರೂ ಬೇರೆ ಬೇರೆ ತೊಂದರೆ, ಒಂದರ ಮದ್ದು ಇನ್ನೊಂದಕ್ಕೆ ವಿಷವಾಗಬಹುದು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ಜಿನುಗಿದವರಿಗೆ ನೀರಿಳಿಸುವ ಮಾತ್ರೆ ಜೀವ ಉಳಿಸುತ್ತದೆ. ಆದರೆ ಹೊರಚೀಲದ ನೀರು ಹೃದಯವನ್ನು ಅದುಮುತ್ತಿರುವಾಗ ಅದೇ ಮಾತ್ರೆ ಮೈಯ ರಕ್ತದ ಪ್ರಮಾಣವನ್ನು ಇಳಿಸಿ, ಹೃದಯಕ್ಕೆ ಬರುವ ಅಷ್ಟಿಷ್ಟನ್ನೂ ತಪ್ಪಿಸಿ, ಬಿಪಿಯನ್ನು ಇನ್ನಷ್ಟು ಬೀಳಿಸಬಹುದು.

ಹಾಸನದ ಆಸ್ಪತ್ರೆಯಲ್ಲಿ ಒಬ್ಬ ಯುವ ವೈದ್ಯೆ ಮೊದಲು ನೋಡಿದ್ದು ದೊಡ್ಡಪ್ಪನ ಕುತ್ತಿಗೆಯನ್ನು. ರಕ್ತನಾಳಗಳು ಹಗ್ಗದ ಹಾಗೆ ಉಬ್ಬಿದ್ದವು. ನಾಡಿ ಹಿಡಿದು ‘ಉಸಿರು ಎಳೆದುಕೊಳ್ಳಿ ಯಜಮಾನರೇ’ ಎಂದರು. ಉಸಿರು ಒಳಗೆಳೆದಾಗಲೆಲ್ಲ ನಾಡಿ ಕುಗ್ಗುತ್ತಿತ್ತಂತೆ. ಎಕ್ಸ್‌ರೇಯಲ್ಲಿ ಹೃದಯ ಮಣ್ಣಿನ ಕೂಜೆಯಂತೆ ಬುಡದಲ್ಲಿ ಗುಂಡಗೆ ಹರಡಿತ್ತು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದಾಗ ಅನುಮಾನವೇ ಉಳಿಯಲಿಲ್ಲ: ಸುತ್ತ ಕಪ್ಪಗೆ ನೀರು, ನಡುವೆ ಪುಟ್ಟ ಹೃದಯ ತೇಲಾಡುತ್ತಿತ್ತು. ಆ ಪರದೆಯನ್ನು ನೋಡಿದವರು ಮರೆಯುವುದಿಲ್ಲ.

ಹೃದಯ ಉಜ್ಜಿಕೊಳ್ಳದಿರಲಿ ಎಂದು ಆ ಎರಡು ಪದರದ ಚೀಲದಲ್ಲಿ 15ರಿಂದ 50 ಎಂಎಲ್‌ನಷ್ಟು ದ್ರವ ಎಲ್ಲರಲ್ಲೂ ಇರುತ್ತದೆ. ಚೀಲದ ಹೊರಪದರ ಗಟ್ಟಿ, ದಿಢೀರನೆ ಹಿಗ್ಗುವುದಿಲ್ಲ. ಪೆಟ್ಟು ಬಿದ್ದೋ ರಕ್ತನಾಳ ಸೀಳಿಯೋ ಒಮ್ಮೆಗೇ 150–200 ಎಂಎಲ್ ತುಂಬಿದರೂ ಪ್ರಾಣಕ್ಕೆ ಸಂಚಕಾರ. ವಾರಗಟ್ಟಲೆ ನಿಧಾನವಾಗಿ ತುಂಬಿದರೆ ಚೀಲ ಹಿಗ್ಗುತ್ತಾ ಹೋಗಿ ಲೀಟರಿಗೂ ಮೀರಿ ಜಾಗ ಕೊಡಬಹುದು. ಆದ್ದರಿಂದಲೇ ದೊಡ್ಡಪ್ಪ ಎರಡು ತಿಂಗಳು ಓಡಾಡಿಕೊಂಡಿದ್ದರು. ಕೊನೆಗೆ ಮಾತ್ರ ಹೃದಯ ಕಿಷ್ಕಿಂಧೆಯಲ್ಲಿ ಸಿಕ್ಕಿಕೊಂಡಂತೆ. ರಕ್ತವನ್ನು ಹಿಂಡಲು ಅದಕ್ಕೆ ಶಕ್ತಿ ಇದೆ, ಆದರೆ ಅದಕ್ಕೂ ಮೊದಲು ಅರಳಿ ರಕ್ತ ತುಂಬಿಕೊಳ್ಳಲು ಜಾಗವಿಲ್ಲ. ಒಳಗೆ ಬರಲಾರದ ರಕ್ತ ಕುತ್ತಿಗೆಯಲ್ಲಿ, ಕಾಲಿನಲ್ಲಿ ತಡೆದು ನಿಲ್ಲುತ್ತದೆ.

ಎದೆಮೂಳೆಯ ತುದಿಯ ಕೆಳಗೆ ಮರಗಟ್ಟಿಸಿ, ಎಕೋ ನೋಡುತ್ತಲೇ ಸೂಜಿ ಹಾಕಿ, ತೆಳ್ಳನೆಯ ನಳಿಕೆ ಬಿಟ್ಟರು. ಮೊದಲ ದಿನ 700 ಎಂಎಲ್ ಬಂತು, ತಿಳಿಗೆಂಪು ಬಣ್ಣ. ಅಂದು ರಾತ್ರಿ ದೊಡ್ಡಪ್ಪ ಅಂಗಾತ ಮಲಗಿ ಗೊರಕೆ ಹೊಡೆದರು. ಪಕ್ಕದ ಹಾಸಿಗೆಯವರು ದೂರು ಕೊಟ್ಟರೂ ನಮಗೆ ಆ ಗೊರಕೆ ಮಂಗಳವಾದ್ಯದ ಹಾಗಿತ್ತು. ದಿನಕ್ಕೆ ಬರುವ ನೀರು 25 ಎಂಎಲ್‌ಗಿಂತ ಕೆಳಗಿಳಿದ ಮೇಲೆ ನಳಿಕೆ ತೆಗೆದರು.

ಅಷ್ಟರಲ್ಲಿ ನೆಂಟರು ‘ನೀರು ತೆಗೆದಾಯಿತಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂದು ಶುರುಮಾಡಿದರು. ದೋಣಿಯ ನೀರನ್ನು ಎತ್ತಿ ಹಾಕಿದರೆ ತೂತು ಮುಚ್ಚುತ್ತದೆಯೇ? ಎಷ್ಟೋ ಸಲ ವೈರಸ್ ಸೋಂಕಿನಿಂದ ಚೀಲ ಊದಿಕೊಂಡು ನೀರು ಬರುತ್ತದಂತೆ. ಅದಕ್ಕೆ ಊತ ಇಳಿಸುವ ಮಾತ್ರೆಗಳು: ಐಬುಪ್ರೊಫೆನ್ ಜೊತೆಗೆ ಮೂರು ತಿಂಗಳು ಕೊಲ್ಚಿಸಿನ್ ಕೊಡುತ್ತಾರೆ. ಥೈರಾಯ್ಡ್ ತೀರಾ ಕಡಿಮೆಯಾದರೂ ತುಂಬುತ್ತದೆ, ಅದಕ್ಕೆ ಥೈರಾಯ್ಡ್ ಮಾತ್ರೆಯೇ ಮದ್ದು. ಮೂತ್ರಪಿಂಡ ಸೋತವರಿಗೆ ಡಯಾಲಿಸಿಸ್ ಹೆಚ್ಚಿಸಬೇಕಾಗುತ್ತದೆ. ಕ್ಯಾನ್ಸರ್‌ನಿಂದ ಬಂದದ್ದು ಮತ್ತೆ ಮತ್ತೆ ತುಂಬಿದರೆ ಚೀಲಕ್ಕೊಂದು ಕಿಂಡಿ ಕೊರೆದು ದಾರಿ ಮಾಡಿಕೊಡುತ್ತಾರೆ. ರೋಗನಿರೋಧಕ ಶಕ್ತಿ ನಮ್ಮ ಮೈಯನ್ನೇ ಕಾಡುವ ಲೂಪಸ್‌ನಂಥ ಕಾಯಿಲೆಗಳೂ, ಹೃದಯದ ಶಸ್ತ್ರಚಿಕಿತ್ಸೆಯೂ ಕಾರಣವಾಗಬಹುದು. ಸ್ವಲ್ಪವೇ ನೀರಿದ್ದು ತೊಂದರೆ ಇಲ್ಲದವರಿಗೆ ಸೂಜಿಯೂ ಬೇಡ, ಆಗಾಗ ಎಕೋ ಮಾಡಿ ಕಾಯುತ್ತಾರೆ.

ದೊಡ್ಡಪ್ಪನದು ಟಿಬಿ. ನಮ್ಮ ದೇಶದಲ್ಲಿ ಈ ನೀರಿಗೆ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಸಂಜೆಯ ಜ್ವರ, ಕರಗುತ್ತಿದ್ದ ಮೈ, ಎಲ್ಲವೂ ಕಣ್ಣೆದುರೇ ಇತ್ತು. ಟಿಬಿ ಎಂದರೆ ಕೆಮ್ಮು ಎಂದುಕೊಂಡಿದ್ದ ನಮಗೆ ಕಾಣಲಿಲ್ಲ, ಅಷ್ಟೆ. ‘ಹಾರ್ಟ್ ಪ್ರಾಬ್ಲಂ’ ಎಂದು ಬಂಧುಗಳಿಗೆಲ್ಲ ಗತ್ತಿನಿಂದ ಫೋನ್ ಮಾಡುತ್ತಿದ್ದ ಅಣ್ಣ, ಟಿಬಿ ಎಂದೊಡನೆ ದನಿ ತಗ್ಗಿಸಿದ. ‘ಯಾರಿಗೂ ಹೇಳಬೇಡ, ಮಗಳ ಮದುವೆಯ ಮಾತುಕತೆ ನಡೆಯುತ್ತಿದೆ.’ ಶ್ವಾಸಕೋಶದಲ್ಲಿ ಕಾಯಿಲೆ ಇಲ್ಲದಿದ್ದರೆ ಇದು ಉಸಿರಿನಿಂದ ಹರಡುವುದಿಲ್ಲ ಎಂದು ವೈದ್ಯೆ ವಿವರಿಸಿದರು. ಅಣ್ಣ ತಲೆಯಾಡಿಸಿದ, ಮನೆಗೆ ಬಂದು ದೊಡ್ಡಪ್ಪನ ಲೋಟ ಬೇರೆ ಇಟ್ಟ. ದೊಡ್ಡಮ್ಮ ಅದೇ ಲೋಟದಲ್ಲಿ ಕಾಫಿ ಕುಡಿದು ಆ ವಿಷಯ ಮುಗಿಸಿದರು.

ಆರು ತಿಂಗಳ ಮಾತ್ರೆ ಸರ್ಕಾರದಿಂದ ಉಚಿತ, ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಮಾತ್ರೆ ಶುರುವಾದ ಮರುದಿನ ಬೆಳಿಗ್ಗೆ ಐದಕ್ಕೇ ದೊಡ್ಡಪ್ಪನ ಫೋನ್: ‘ಮೂತ್ರ ಕೆಂಪಗೆ ಹೋಗುತ್ತಿದೆ ಕಣೋ!’ ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ. ಮೊದಲೇ ಹೇಳಿದ್ದರೆ ಒಂದು ಬೆಳಗಿನ ಗಾಬರಿ ತಪ್ಪುತ್ತಿತ್ತು.

ಈಗ ಜ್ವರ ಬಿಟ್ಟಿದೆ, ಐದು ಕೆಜಿ ತೂಕ ಏರಿದೆ, ತೋಟದ ಕಡೆ ಹೋಗಿ ಬರುತ್ತಾರೆ. ಆದರೆ ಟಿಬಿ ತಗುಲಿದ ಚೀಲ ನೀರು ಆರಿದ ಮೇಲೂ ದಪ್ಪಗಟ್ಟಿ, ಬಿಗಿದು, ಹೃದಯವನ್ನು ಅಮುಕಬಹುದು. ಹಾಗಾದರೆ ಆಪರೇಷನ್ ಮಾಡಿ ಚೀಲವನ್ನೇ ಬಿಡಿಸಬೇಕಾಗುತ್ತದೆ. ಅದಕ್ಕೇ ಮುಂದಿನ ಗುರುವಾರ ಮತ್ತೊಂದು ಎಕೋ. ಸಕಲೇಶಪುರದಿಂದ ಬೆಳಗಿನ ಬಸ್ಸಿಗೆ ಬರುತ್ತಾರೆ, ಬಸ್ ನಿಲ್ದಾಣದಲ್ಲಿ ನಾನು ಕಾಯಬೇಕು.